ಹೆಸರು ಹಾಕಿಸಿದ ಕೋವಿ

ಕಳೆದ ತಿಂಗಳು ಕುಮಟೆಯ ಪಾತ್ರೆ ಅಂಗಡಿಯಲ್ಲಿ ಒಂದು ಸ್ಟೀಲ್ ಕೊಡ ಕೊಂಡೆ. ಅಂಗಡಿಯಾತ ಅದನ್ನು ತೊಡೆಯ ಮೇಲಿಟ್ಟುಕೊಂಡು, ಕೈಯಲ್ಲಿ ಮಷಿನ್ ಹಿಡಿದು, "ಯಾರ ಹೆಸ್ರು ಹಾಕ್ಲಿ ಅಕ್ಕಾ?" ಎಂದ. ಮಷಿನ್ನು ಝರ್ರೆಂದಿತು. ನಾನು ಉತ್ತರ ಹೇಳುವುದು ಬಿಟ್ಟು ಒಬ್ಬಳೇ ನಗತೊಡಗಿದೆ. ಆತ ಪಾಪ, ಹೆಂಗಸಿಗೆ ತಲೆ ಸರಿ ಇದೆಯೋ ಇಲ್ಲವೋ ಎಂದು ಗಲ್ಲಾದ ಕಡೆ ನೋಡಿದ. ಅವನಿಗೆ ಹೇಗೆ ಹೇಳಲಿ? ಊರಿನಲ್ಲಿ ಎಲ್ಲರ ಮನೆಯಲ್ಲೂ ಚೊಂಬು, ಕೊಡ, ಹಂಡೆಗಳ ಮೇಲೆ ಹೆಸರಿರುತ್ತಿತ್ತು. ನಮ್ಮ ಮನೆಯಲ್ಲಿ ಕೋವಿಯ ಮೇಲೆ ಹೆಸರಿತ್ತು. ಅದೂ ಲೈಸೆನ್ಸ್ ಇದ್ದ ಅಪ್ಪನ ಹೆಸರಲ್ಲ, ಆಯಿಯದು, ಅಂದರೆ ನನ್ನ ಅಮ್ಮನದು.

ನಮ್ಮದು ಮಿರ್ಜಾನದ ಹೊಳೆಯ ಈಚೆ ದಡ. ಸ್ವಲ್ಪ ಗದ್ದೆ, ಗದ್ದೆಯಾಚೆ ಗುಡ್ಡ, ಗುಡ್ಡದ ತುಂಬ ಹಂದಿ. ಬತ್ತ ಹಾಲುಗಟ್ಟುವ ಹೊತ್ತಿಗೆ ಹಂದಿಗಳು ನೆಂಟರ ಹಾಗೆ ಸಂಸಾರ ಸಮೇತ ಇಳಿಯುತ್ತಿದ್ದವು. ಅದಕ್ಕೆಂದು ಅಜ್ಜ ಮುಂಬಯಿ ಸರಕಾರದ ಕಾಲದಲ್ಲೇ ಒಂದು ಒಂಟಿ ನಳಿಗೆಯ ತೋಟೆ ಕೋವಿ ಕೊಂಡಿಟ್ಟಿದ್ದ. ಅಜ್ಜನ ನಂತರ ಲೈಸೆನ್ಸ್ ಅಪ್ಪನ ಹೆಸರಿಗೆ ಬಂತು. ಅಪ್ಪ, ತಿಮ್ಮಪ್ಪ ನಾಯ್ಕ, ಒಂದು ಹಂದಿಯನ್ನೂ ಹೊಡೆದವನಲ್ಲ. ವರ್ಷಕ್ಕೆ ನಾಲ್ಕು ಸಲ ಆಕಾಶಕ್ಕೆ ಗುಂಡು ಹಾರಿಸಿ, "ಹೋದ್ವು ನೋಡು" ಎನ್ನುತ್ತಿದ್ದ. ಹಂದಿಗಳು ಅರ್ಧ ಗಂಟೆ ಬಿಟ್ಟು ಮತ್ತೆ ಬರುತ್ತಿದ್ದವು. ಆದರೂ ಊರಲ್ಲಿ ನಮ್ಮದು 'ಕೋವಿ ಮನೆ'. ಅಪ್ಪ ಪೇಟೆಗೆ ಹೋದರೆ "ಕೋವಿ ತಿಮ್ಮಣ್ಣ ಬಂದ" ಎನ್ನುತ್ತಿದ್ದರು. ಆ ಮಾತು ಕೇಳಿದಾಗ ಅಪ್ಪನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಲೈಸೆನ್ಸಿನದು ಒಂದು ಸಣ್ಣ ಪುಸ್ತಕ. ಅದರಲ್ಲಿ ಕೋವಿಯನ್ನು ಹೇಗೆ ಇಡಬೇಕು, ಯಾರ ಕೈಗೆ ಕೊಡಬಾರದು ಎಂದೆಲ್ಲ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ನಮ್ಮ ಮನೆಯಲ್ಲಿ ಅದನ್ನು ಓದುವವರು ಇರಲಿಲ್ಲ, ಆದರೆ ಭಕ್ತಿಗೆ ಕೊರತೆ ಇರಲಿಲ್ಲ. ಪುಸ್ತಕವನ್ನು ಕೆಂಪು ವಸ್ತ್ರದಲ್ಲಿ ಸುತ್ತಿ ದೇವರ ಕೋಣೆಯಲ್ಲಿಟ್ಟು, ಮಹಾನವಮಿಗೆ ಅರಿಸಿನ ಕುಂಕುಮ ಹಚ್ಚಿ, ಆರತಿ ಎತ್ತುತ್ತಿದ್ದೆವು. ಕೋವಿ ಮಾತ್ರ ಹೊರಜಗಲಿಯ ಮೂಲೆಯಲ್ಲಿ, ಛತ್ರಿ ಮತ್ತು ಹಿಡಿಸೂಡಿಗಳ ಜೊತೆ ನಿಂತಿರುತ್ತಿತ್ತು. ಕಾನೂನು ದೇವರ ಹತ್ತಿರ, ಕೋವಿ ಛತ್ರಿಯ ಹತ್ತಿರ. ಯಾರಿಗೂ ಇದರಲ್ಲಿ ಏನೂ ತಪ್ಪು ಕಂಡಿರಲಿಲ್ಲ.

ಇನ್ನೊಂದು ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಕಡೆ ಆಗ ಯಾವ ಮನೆಯ ವಸ್ತುವೂ ಆ ಮನೆಯಲ್ಲಿ ಇರುತ್ತಿರಲಿಲ್ಲ. ನಮ್ಮ ಏಣಿ ಯಾವಾಗಲೂ ನೆರೆಯ ಈರಪ್ಪಣ್ಣನ ಮನೆಯಲ್ಲಿ, ಈರಪ್ಪಣ್ಣನ ಗ್ಯಾಸ್‌ಲೈಟು ಮದುವೆ ಇದ್ದವರ ಮನೆಯಲ್ಲಿ, ಮದುವೆ ಮನೆಯವರ ಜಮಖಾನೆ ನಮ್ಮಲ್ಲಿ. ಹೀಗೆ ತಿರುಗಾಡುವ ಪಾತ್ರೆಗಳು ದಾರಿ ತಪ್ಪಬಾರದೆಂದೇ ಹೆಸರು ಕೊರೆಸುವುದು. ಅಪ್ಪನಿಗೆ ದಾಕ್ಷಿಣ್ಯ ಹೆಚ್ಚು. 'ಇಲ್ಲ' ಎನ್ನುವ ಶಬ್ದ ಅವನ ಬಾಯಿಂದ ಬಂದದ್ದನ್ನು ನಾನು ಕೇಳಿದ್ದೇ ಇಲ್ಲ. "ತಿಮ್ಮಣ್ಣ, ಗದ್ದೆಗೆ ಹಂದಿ ಬಿದ್ದದೆ, ಕೋವಿ ಕೊಡ್ತ್ಯಾ?" ಎಂದರೆ, "ಅಲ್ಲೇ ಮೂಲೇಲಿ ಅದೆ, ತಕಂಡು ಹೋಗು ಮಾರಾಯಾ" ಎನ್ನುತ್ತಿದ್ದ. ಮದುವೆಯ ಕೊಪ್ಪರಿಗೆ ಹೋದ ಹಾಗೆ ಕೋವಿ ಹೋಗುತ್ತಿತ್ತು, ಬರುತ್ತಿತ್ತು. ಕೊಪ್ಪರಿಗೆಯನ್ನಾದರೂ ತೊಳೆದು ಕೊಡುತ್ತಿದ್ದರು.

ಒಂದು ಶನಿವಾರ ಈರಪ್ಪಣ್ಣ ಬೆಳಿಗ್ಗೆ ಬಂದು, ಹಿಂದಿನ ರಾತ್ರಿ ಒಯ್ದಿದ್ದ ಕೋವಿಯನ್ನು ಅದರ ಜಾಗದಲ್ಲಿಟ್ಟು ಹೋದ. ಅರ್ಧ ದಿನದ ಶಾಲೆ ಮುಗಿಸಿ ನಾನು ಬಂದೆ. ನಾಲ್ಕನೇ ಇಯತ್ತೆ ಆಗ. ಹಿತ್ತಲಲ್ಲಿ ಪೇರಲೆ ಮರ, ತುದಿಯಲ್ಲಿ ಒಂದು ಹಣ್ಣು, ಗಿಳಿ ಆಗಲೇ ಒಂದು ಬದಿ ರುಚಿ ನೋಡಿತ್ತು. ಕೊಕ್ಕೆಕೋಲು ಎಂದಿನಂತೆ ಯಾರದೋ ಮನೆಗೆ ಹೋಗಿತ್ತು. ಉದ್ದದ್ದು ಏನಿದೆ ಎಂದು ನೋಡಿದರೆ ಕೋವಿ. ನನ್ನ ಬುದ್ಧಿ ಕೇಳಿ. ಹಿಡಿ ದಪ್ಪ ಇದ್ದದ್ದರಿಂದ ಅದರಲ್ಲೇ ಬಡಿದರೆ ಹಣ್ಣು ಬೇಗ ಬೀಳುತ್ತದೆಂದು ಹಿಡಿಯನ್ನು ಮೇಲೆ ಮಾಡಿ, ನಳಿಗೆಯ ಬಾಯಿಯನ್ನು ಎದೆಗೆ ಆನಿಸಿಕೊಂಡು, ಎರಡೂ ಕೈಯಿಂದ ಎತ್ತಿ ಕೊಂಬೆಗೆ ಬಡಿಯತೊಡಗಿದೆ.

ಆಯಿ ಬಾವಿಕಟ್ಟೆಯಿಂದ ನೋಡಿದಳು. ಕೂಗಲಿಲ್ಲ. ಕೊಡ ಕೆಳಗಿಟ್ಟು, ಮೆಲ್ಲಗೆ ನಡೆದು ಬಂದು, ನನ್ನ ಕೈಯಿಂದ ಕೋವಿ ತೆಗೆದುಕೊಂಡಳು. ಅದನ್ನು ಮಡಚುವುದು ಅವಳಿಗೆ ಗೊತ್ತಿತ್ತು, ಅಜ್ಜ ಮಾಡುವುದನ್ನು ನೋಡಿದ್ದಳು. ಮಡಚಿದಳು. ಒಳಗಿಂದ ಗುಂಡು ತುಂಬಿದ ಒಂದು ಕೆಂಪು ತೋಟೆ ಅವಳ ಅಂಗೈಗೆ ಜಾರಿತು. ಈರಪ್ಪಣ್ಣ ಹಂದಿಗೆ ಹೊಡೆಯದೆ ಉಳಿಸಿ, ಪ್ರಾಮಾಣಿಕವಾಗಿ ತಂದು ಒಪ್ಪಿಸಿದ್ದ ತೋಟೆ. ಆಯಿ ಅಲ್ಲೇ ನೆಲದ ಮೇಲೆ ಕೂತಳು. ಆಮೇಲೆ ಎದ್ದು ನನಗೆ ಎರಡು ಬಾರಿಸಿದಳು. ಆಮೇಲೆ ನನ್ನನ್ನು ತಬ್ಬಿಕೊಂಡು ಅತ್ತಳು. ಈ ಕ್ರಮ ನನಗೆ ಆಗ ಅರ್ಥವಾಗಲಿಲ್ಲ. ನಾನೂ ಅತ್ತೆ, ಹಣ್ಣು ಸಿಗಲಿಲ್ಲವೆಂದು.

ಸಂಜೆ ಅಪ್ಪ ಬಂದಾಗ ಛತ್ರಿಯ ಮೂಲೆ ಖಾಲಿ. ಆಯಿ ಮುರ್ಡೇಶ್ವರದ ತವರಿನಿಂದ ತಂದ ಹಲಸಿನ ಹಲಗೆಯ ಪೆಟ್ಟಿಗೆ ಒಂದಿತ್ತು. ಮದುವೆ ಸೀರೆ ಇಡುವ ಪೆಟ್ಟಿಗೆ. ಖಾಲಿ ಕೋವಿಯನ್ನು ಮಡಚಿ, ಹಳೆ ಸೀರೆಯಲ್ಲಿ ಸುತ್ತಿ, ಅದರಲ್ಲಿಟ್ಟು ಬೀಗ ಹಾಕಿದ್ದಳು. ಕೀಲಿ ಅವಳ ಸೊಂಟದಲ್ಲಿ. ತೋಟೆಗಳು ಅಟ್ಟದ ಮೇಲೆ, ಹುಣಸೆಹಣ್ಣಿನ ಖಾಲಿ ಭರಣಿಯಲ್ಲಿ, ಬಾಯಿಗೆ ಬಟ್ಟೆ ಕಟ್ಟಿ. ಮೊನ್ನೆ ನನ್ನ ಅಳಿಯ ಫೋನಿನಲ್ಲಿ ಯಾವುದೋ ಸೂಚನೆ ಓದಿ ಹೇಳಿದ: ಮನೆಯಲ್ಲಿ ಕೋವಿ ಇದ್ದರೆ ಖಾಲಿ ಮಾಡಿ ಬೀಗದಲ್ಲಿಡಬೇಕಂತೆ, ತೋಟೆ ಬೇರೆ ಕಡೆ ಇಡಬೇಕಂತೆ, ಕೀಲಿ ಜವಾಬ್ದಾರಿ ಇರುವ ಒಬ್ಬರ ಹತ್ತಿರ ಮಾತ್ರ ಇರಬೇಕಂತೆ. ಆಯಿ ಇದನ್ನೆಲ್ಲ ಉಪ್ಪಿನಕಾಯಿಯಿಂದ ಕಲಿತಿದ್ದಳು. ಅದಕ್ಕೂ ಅಷ್ಟೇ, ಎತ್ತರದ ಜಾಗ, ಒಣಗಿದ ಕೈ, ಒಬ್ಬರದೇ ಉಸ್ತುವಾರಿ.

ಆದರೆ ಬೀಗದಿಂದ ದಾಕ್ಷಿಣ್ಯವನ್ನು ತಡೆಯಲಾದೀತೇ? ವಾರದೊಳಗೆ ಈರಪ್ಪಣ್ಣ ಮತ್ತೆ ಜಗಲಿಯಲ್ಲಿ. ಅಪ್ಪ ಬೆಕ್ಕಿನ ಹೆಜ್ಜೆಯಲ್ಲಿ ಒಳಗೆ ಬಂದ.

"ಒಂದೇ ಸಲ ಕೊಡೆ. ಕೇಳೂಕೆ ಬಂದವ್ರಿಗೆ ಇಲ್ಲ ಅನ್ನೂದು ಹೆಂಗೆ?"

"ನಿಮ್ಗೆ ಬಾಯಿ ಬರೂದಿಲ್ಲಾ ಅಂದ್ರೆ ಬಿಡಿ. ಅದಕ್ಕೆಂತ ಮಾಡೂದು ನಂಗೆ ಗೊತ್ತದೆ" ಎಂದಳು ಆಯಿ.

ಅವಳು ಮಾಡಿದ್ದು ಇದು. ವರ್ಷಕ್ಕೊಮ್ಮೆ ಭಟ್ಕಳದಿಂದ ಕಲಾಯಿ ಹಾಕುವ ಬಾಷಾ ಸಾಹೇಬರು ಬರುತ್ತಿದ್ದರು. ಪಾತ್ರೆಗೆ ಕಲಾಯಿ ಹಾಕಿ, ಬೇಕಾದವರಿಗೆ ಉಳಿಯಿಂದ ಚುಕ್ಕೆ ಚುಕ್ಕೆಯಾಗಿ ಹೆಸರನ್ನೂ ಕೊರೆದುಕೊಡುವವರು. ನಮ್ಮ ಊರಿನ ಕಟ್ಟುನಿಟ್ಟಾದ ರೂಢಿ ಒಂದಿತ್ತು: ಹೆಂಗಸಿನ ಹೆಸರಿದ್ದ ಪಾತ್ರೆಯನ್ನು ಗಂಡಸು ಹೊರಗೆ ಕೊಡುವ ಹಾಗಿಲ್ಲ, ಕೇಳುವವರೂ ಹೆಂಗಸನ್ನೇ ಕೇಳಬೇಕು. ಸರಕಾರದ ಕಾನೂನು ಇಂಗ್ಲಿಷಿನಲ್ಲಿತ್ತು, ಇದು ಎಲ್ಲರಿಗೂ ಬಾಯಿಪಾಠ. ಆಯಿ ಎರಡು ಚೊಂಬು, ಒಂದು ತಪ್ಪಲೆಯ ಜೊತೆ ಕೋವಿಯನ್ನೂ ಬಾಷಾ ಸಾಹೇಬರ ಮುಂದಿಟ್ಟಳು.

ಸಾಹೇಬರು ಗಡ್ಡ ನೀವಿಕೊಂಡರು. "ಬಾಯಿ, ಇದು ಪಾತ್ರೆ ಅಲ್ಲ."

"ಮನೇಲಿ ಇದ್ದದ್ದೆಲ್ಲಾ ಪಾತ್ರೆನೇ. ಹಾಕಿ."

"ಇಲ್ಲಿ ಎಂತದೋ ನಂಬರು ಅದೆ."

"ತೂಕದ್ದು ಇರ್ತದೆ. ಅಂಗಡಿಯವ್ರು ಚೊಂಬಿನ ಮೇಲೂ ಗೀರೂದಿಲ್ವಾ? ಉಜ್ಜಿ ತೆಗೀರಿ, ಅಲ್ಲೇ ಜಾಗ ಚಂದ ಅದೆ."

ಚೊಂಬು, ತಪ್ಪಲೆಗಳ ಮೇಲೆ ಅಂಗಡಿಯವರು ಗೀರಿದ ತೂಕವನ್ನು ಉಜ್ಜಿ ತೆಗೆದು ಹೆಸರು ಹಾಕುವುದು ಸಾಹೇಬರ ಕೈಗೆ ಅಭ್ಯಾಸವಾದ ಕೆಲಸ. ಉಜ್ಜಿದರು. ಉಕ್ಕಿನ ಮೇಲೆ ಎರಡು ಉಳಿ ಮೊಂಡಾದವು. "ಬಾಯಿ, 'ಸೌ.' ಬಿಡ್ತೆ, ಒಂದಕ್ಷರ ಕಡಿಮೆಯಾಗ್ತದೆ" ಎಂದು ಕೇಳಿಕೊಂಡರು. ಗಂಡ ಬದುಕಿರುವ ಹೆಂಗಸಿನ ಹೆಸರಿನ ಮುಂದೆ ಸೌಭಾಗ್ಯವತಿ ಎಂಬುದನ್ನು ಹಾಗೆ ಚಿಕ್ಕದಾಗಿ ಬರೆಯುವುದು ನಮ್ಮಲ್ಲಿ ವಾಡಿಕೆ. ಆಯಿ ಸುತರಾಂ ಒಪ್ಪಲಿಲ್ಲ. "ಅದೇ ಇಲ್ಲಾ ಅಂದ್ರೆ ಉಳಿದದ್ದು ಎಂತಕ್ಕೆ?" ಎಂದಳು. ಮಧ್ಯಾಹ್ನದ ಹೊತ್ತಿಗೆ ನಳಿಗೆಯ ಮೇಲೆ ದುಂಡಗಿನ ಅಕ್ಷರದಲ್ಲಿ ಮೂಡಿತು: ಸೌ. ಮಾದೇವಿ ತಿ. ನಾಯ್ಕ.

ಪರಿಣಾಮ ನೋಡಬೇಕಿತ್ತು. ಈರಪ್ಪಣ್ಣ ಬಂದ. ಅಪ್ಪ ಪೆಟ್ಟಿಗೆಯ ಕಡೆ ಕೈ ತೋರಿಸಿ, ಬಹಳ ದುಃಖದ ದನಿಯಲ್ಲಿ, "ಎಂತ ಮಾಡೂದು ಮಾರಾಯಾ, ಅವ್ಳ ಹೆಸ್ರು ಹಾಕ್ಸಿ ಬಿಟ್ಟಿದಾಳೆ" ಎಂದ. ಈರಪ್ಪಣ್ಣ, "ಹಂಗಾರೆ ಬಿಡು" ಎಂದು ಎದ್ದ. ಆಯಿಯನ್ನು ಕೇಳುವ ಧೈರ್ಯ ಅವನಿಗೆ ಮೊದಲೇ ಇಲ್ಲ. ಅಪ್ಪನ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಮೊದಲು ನೋಡಿರಲಿಲ್ಲ. ಎರಡು ವರ್ಷಕ್ಕೂ ಮಿಕ್ಕಿ ಕೋವಿ ಮನೆಬಿಟ್ಟು ಹೋಗಲಿಲ್ಲ. ಹಂದಿಗಳನ್ನು ಓಡಿಸಲು ಬೇಕಾದರೆ ಆಯಿಯೇ ಬೀಗ ತೆಗೆದು, ಅಪ್ಪನಿಗೆ ತೋಟೆ ಒಂದು ಎಣಿಸಿ ಕೊಟ್ಟು, ಗುಂಡು ಹಾರಿದ ಮೇಲೆ ಖಾಲಿ ತೋಟೆಯನ್ನು ವಾಪಸು ಪಡೆಯುತ್ತಿದ್ದಳು.

ನಾನು ಏಳನೇ ಇಯತ್ತೆಗೆ ಬಂದಾಗ ಲೈಸೆನ್ಸ್ ಮುಂದುವರಿಸುವ ಸಮಯ ಬಂತು. ಕೋವಿ ಮತ್ತು ಪುಸ್ತಕ ತೆಗೆದುಕೊಂಡು ಗುರುವಾರ ಕುಮಟೆಯ ಪೊಲೀಸ್ ಠಾಣೆಗೆ ತಪಾಸಣೆಗೆ ಬರಬೇಕೆಂದು ಚೀಟಿ. ನಾನು ಆಗ ಇಂಗ್ಲಿಷ್ ಕಲಿತವಳು. ಅಂದರೆ ಅಕ್ಷರ ಮತ್ತು ಅಂಕೆ. ಬುಧವಾರ ಬೆಳಿಗ್ಗೆ ಅಪ್ಪ ಕೊಬ್ಬರಿ ಎಣ್ಣೆ ಹಚ್ಚಿ ಕೋವಿ ಒರೆಸುತ್ತ, "ಮಗಾ, ಪುಸ್ತಕದ ನಂಬರು ಓದು. ಕೋವಿ ಮೇಲೆ ಅದೇ ಇರ್ಬೇಕು" ಎಂದ. ಓದಿದೆ. ಕೋವಿಯ ಮೇಲೆ ಹುಡುಕಿದೆ. ಎಷ್ಟು ತಿರುವಿ ನೋಡಿದರೂ ಅಲ್ಲಿ ಇದ್ದದ್ದು ಆಯಿ ಒಬ್ಬಳೇ.

ಅಪ್ಪನ ಕೈಯಲ್ಲಿದ್ದ ಎಣ್ಣೆ ಬಟ್ಟೆ ಬಿತ್ತು. "ನಂಬರ್ ಇಲ್ಲದ ಕೋವಿ ಅಂದ್ರೆ ಕಳ್ಳ ಕೋವಿ. ನನ್ನ ಒಳಗೆ ಹಾಕ್ತಾರೆ" ಎಂದ. ಆಯಿಗೆ ಆಗ ಹೊಳೆಯಿತು. "ಅಯ್ಯೋ ದೇವ್ರೇ, ಆ ತೂಕದ ಗೀರು?" ಎಂದು ಬಾಯಿಗೆ ಸೆರಗು ಒತ್ತಿಕೊಂಡಳು. ಆ ದಿನ ನಮ್ಮ ಮನೆಯಲ್ಲಿ ಗಂಜಿ ಹಾಗೇ ತಣ್ಣಗಾಯಿತು.

ಸುದ್ದಿ ತಿಳಿದು ಸಲಹೆಗಾರರು ಬಂದರು. ಈ ವಿಷಯದಲ್ಲಿ ನಮ್ಮ ಊರು ಎಂದೂ ಹಿಂದೆ ಬಿದ್ದದ್ದಿಲ್ಲ. ಕೋವಿ ಹೊಳೆಗೆ ಬಿತ್ತು ಅನ್ನು ಎಂದ ಒಬ್ಬ. ಈರಪ್ಪಣ್ಣ ಆಚಾರಿಯ ಕಮ್ಮಾರಸಾಲೆಗೆ ಹೋಗಿ ಹೊಸ ನಂಬರು ಬಡಿಸೋಣ ಎಂದ, "ಅಂಕೆ ತಾನೇ, ಯಾರು ಬಡಿದ್ರೂ ಅಂಕೆನೇ." ಆಯಿ ಒಳಗಿಂದ ಹೊರಗೆ ಬಂದಳು.

"ಈರಪ್ಪಣ್ಣ, ನೀನು ತೋಟೆ ತೆಗೆದು ಕೊಟ್ಟಿದ್ರೆ ಇಷ್ಟೆಲ್ಲಾ ಆಗ್ತಿರ್ಲಿಲ್ಲ. ಒಂದು ತಪ್ಪು ಮಾಡಿ ಆತು. ಅದ್ರ ಮೇಲೆ ಸುಳ್ಳು ಬೇರೆ ಬಡೀಬೇಕಾ? ಇದ್ದದ್ದು ಇದ್ದಂಗೆ ಹೇಳೂದು. ನಾನೂ ಬರ್ತೆ."

ಗುರುವಾರ ಆಯಿ ಮದುವೆಯ ಸೀರೆ ಉಟ್ಟಳು. ಇಂಗ್ಲಿಷ್ ಓದಲು ನಾನು. ಗೋಣಿಯಲ್ಲಿ ಸುತ್ತಿದ ಕೋವಿ ಅಪ್ಪನ ಮಡಿಲಲ್ಲಿ. ಬಸ್ಸಿನಿಂದ ಇಳಿಯುವಾಗ ಅಪ್ಪ ಆಯಿಗೆ, "ಗದ್ದೆಗೆ ನೀರು ಬಿಡೂಕೆ ಈರಪ್ಪಂಗೆ ಹೇಳು, ನಾನು ಬರದಿದ್ರೆ" ಎಂದ. ಎಲ್ಲ ಆ ಒಂದು ಪೇರಲೆ ಹಣ್ಣಿನಿಂದ ಎಂದು ನನಗೆ ಗೊತ್ತಿತ್ತು.

ಠಾಣೆಯ ಜಗಲಿಯಲ್ಲಿ ಹತ್ತು ಹನ್ನೆರಡು ಜನ ಕೋವಿದಾರರು ಸಾಲಾಗಿ ಕೂತಿದ್ದರು. ಠಾಣೆಯ ಮುಖ್ಯಸ್ಥ ಫೌಜದಾರರು ಘಟ್ಟದ ಮೇಲಿನವರು, ಮೀಸೆ ದಪ್ಪ. ಒಬ್ಬೊಬ್ಬರನ್ನೂ ಕೇಳಿದರು: "ಮನ್ಯಾಗ ಬಂದೂಕು ಎಲ್ಲಿ ಇಡ್ತೀರಿ?" ಒಬ್ಬ ಗೋಡೆಯ ಮೊಳೆಗೆ ಎಂದ. ಇನ್ನೊಬ್ಬ ಕೊಟ್ಟಿಗೆಯ ಮಾಡಿಗೆ ಸಿಕ್ಕಿಸುತ್ತೇನೆ ಎಂದ. ಮತ್ತೊಬ್ಬ ಬಹಳ ಹೆಮ್ಮೆಯಿಂದ, "ತಲೆದಿಂಬಿನ ಕೆಳಗೆ, ತುಂಬ್ಸೇ ಇಡ್ತೆ ಸಾಯಬ್ರೆ" ಎಂದ. ಫೌಜದಾರರು ಹಣೆ ಒತ್ತಿಕೊಂಡರು.

ನಮ್ಮ ಸರದಿ. ಕೆಂಪು ವಸ್ತ್ರ ಬಿಚ್ಚಿ ಪುಸ್ತಕ ತೆರೆದರೆ ಹಲವು ಮಹಾನವಮಿಗಳ ಕುಂಕುಮ ಮೇಜಿನ ಮೇಲೆ ಉದುರಿತು. ಅವರು ಅದನ್ನು ಊದಿ, ನಂಬರು ನೋಡಿ, ಕೋವಿ ತಿರುವಿದರು.

"ಇದೇನ್ರಿ ಇದು? ಬಂದೂಕೋ, ಲಗ್ನದ ಕೊಡಾನೋ? ಮಾದೇವಿ ಅಂದ್ರ ಯಾರು?"

"ನಾನೇ" ಎಂದಳು ಆಯಿ.

"ನಂಬರ್ ಎಲ್ಲಿ? ನಂಬರ್ ಅಳಿಸಿದ್ರ ಜೈಲು ಐತಿ, ಗೊತ್ತೈತಿಲ್ಲೋ?"

ಆಗ ಅಪ್ಪ ಮುಂದೆ ಬಂದ. "ಅಳಿಸಿದ್ದು ನಾನು ಸಾಯಬ್ರೆ. ಅವ್ಳಿಗೆ ಎಂತದೂ ಗೊತ್ತಿಲ್ಲ."

"ಸುಳ್ಳು" ಎಂದಳು ಆಯಿ. "ಇವ್ರಿಗೆ ಆ ಪೆಟ್ಟಿಗೆ ಬೀಗ ತೆಗೆಯೂಕೂ ಬರೂದಿಲ್ಲ. ಅಳಿಸ್ದವ್ಳು ನಾನು. ಯಾರು ಕೇಳಿದ್ರೂ ಇವ್ರು ಕೋವಿ ಕೊಡ್ತಿದ್ರು. ಒಬ್ರು ತೋಟೆ ಹಾಕಿದ್ದನ್ನೇ ತಂದಿಟ್ರು. ಇಕಾ, ಈ ಹುಡುಗಿ ಅದನ್ನ ಎದೆಗೆ ಇಟ್ಕಂಡು ಪೇರಲೆ ಹಣ್ಣು ಬಡೀತಿತ್ತು. ನನ್ ಹೆಸ್ರು ಹಾಕ್ಸಿದ್ರೆ ಯಾರೂ ಕೇಳೂದಿಲ್ಲ ಅಂತ ಹಾಕ್ಸಿದೆ. ನಂಬರು ಅಂತ ತಿಳೀಲಿಲ್ಲ. ಕರ್ಕಂಡು ಹೋಗೂದಾದ್ರೆ ನನ್ನನ್ನ ಕರ್ಕಂಡು ಹೋಗಿ."

ಸೊಂಟದಿಂದ ಕೀಲಿ ತೆಗೆದು ಮೇಜಿನ ಮೇಲಿಟ್ಟಳು. ಫೌಜದಾರರು ಕೀಲಿಯನ್ನೂ ನನ್ನನ್ನೂ ನೋಡಿದರು. ನಾನು ಅಪ್ಪನ ಪಂಚೆಯ ಹಿಂದೆ ಅಡಗಿದೆ.

ಬದಿಯಲ್ಲಿದ್ದ ಮುದುಕ ಹವಾಲ್ದಾರರು ಕೋವಿ ಎತ್ತಿಕೊಂಡರು. ನಳಿಗೆಯ ಕೆಳಗಿನ ಮರದ ತುಂಡನ್ನು ಹೆಬ್ಬೆರಳಿನಿಂದ ಒತ್ತಿ ಎಳೆದರು. ಟಕ್ಕೆಂದು ಕಳಚಿತು. ಒಳಗೆ, ಅಜ್ಜನ ಕಾಲದ ಜಿಡ್ಡಿನ ಅಡಿಯಲ್ಲಿ, ಸಣ್ಣ ಅಂಕೆಗಳು. ಅವರು ಉಗುರಿನಿಂದ ಕೆರೆದು ನನ್ನನ್ನು ಕರೆದು, "ಓದು ಮಗಾ" ಎಂದರು. ನಾನು ಒಂದೊಂದಾಗಿ ಓದಿದೆ. ಫೌಜದಾರರು ಪುಸ್ತಕದಲ್ಲಿ ಬೆರಳಿಟ್ಟು ನೋಡಿದರು. ಪ್ರತಿ ಅಂಕೆಯೂ ಸರಿ ಇತ್ತು.

"ಹಾಳಾಗ್ಲಿ, ಇಲ್ಲಿ ಉಳಕೊಂಡೈತಿ" ಎಂದರು. ಆಮೇಲೆ ಅಪ್ಪನಿಗೆ, "ಇಷ್ಟು ವರ್ಷ ಇಟ್ಕೊಂಡೀಯಲ್ಲ, ಇದು ಬಿಚ್ಚತೈತಿ ಅಂತ ಗೊತ್ತಿಲ್ಲೇನು?" ಅಪ್ಪನಿಗೆ ಗೊತ್ತಿರಲಿಲ್ಲ. ಅವನು ಹೊರಗಿನಿಂದ ಎಣ್ಣೆ ಹಚ್ಚುತ್ತಿದ್ದ, ಅಷ್ಟೇ. ಕೊನೆಗೆ ಅರ್ಜಿ ಬರೆಸಿಕೊಂಡರು, ತಮ್ಮ ಎದುರಿಗೇ ನಂಬರು ಮತ್ತೆ ಒತ್ತಿಸಬೇಕೆಂದರು, ಇನ್ನೊಮ್ಮೆ ಕೋವಿ ಯಾರ ಕೈಗಾದರೂ ಕೊಟ್ಟರೆ ಮಾತ್ರ ಬಿಡುವುದಿಲ್ಲ ಎಂದರು. ಹೆಸರನ್ನು ಏನು ಮಾಡಬೇಕೆಂದು ಅಪ್ಪ ಕೇಳಿದ. "ಹೆಸರು ಇರ್ಲಿ ಬಿಡು" ಎಂದು ಸಾಲಿನಲ್ಲಿ ಕೂತವರ ಕಡೆ ತಿರುಗಿ, "ನೀವೂ ಬಂದೂಕು ನಿಮ್ಮ ಮನಿ ಹೆಂಗಸರ ಕೈಗೆ ಕೊಡ್ರಿ" ಎಂದು ಗದರಿದರು. ತಲೆದಿಂಬಿನವನು ತಲೆ ತಗ್ಗಿಸಿದ.

ಬರುವಾಗ ಬಸ್ಸಿನಲ್ಲಿ ಅಪ್ಪ ಮೂರು ಜನರಿಗೂ ಕಡಲೆ ಕೊಡಿಸಿದ. ಆಯಿ ಅವನಿಗೆ ಮೆಲ್ಲಗೆ, "ಸುಳ್ಳು ಹೇಳೂಕೆ ಯಾವಾಗ ಕಲ್ತ್ರಿ?" ಎಂದಳು. ಅಪ್ಪ ಕಿಟಕಿಯ ಕಡೆ ತಿರುಗಿ ಕಡಲೆ ಜಗಿದ. ಇಡೀ ದಾರಿ ಇಬ್ಬರ ಮುಖವೂ ಕೆಂಪಗಿತ್ತು. ಮುಂದಿನ ವರ್ಷ ಬಾಷಾ ಸಾಹೇಬರು ಬಂದಾಗ ಊರಿನ ಇನ್ನೂ ಇಬ್ಬರು ಹೆಂಗಸರು ಕೋವಿ ಹಿಡಿದುಕೊಂಡು ಬಂದರಂತೆ. ಸಾಹೇಬರು ಉಳಿ ಚೀಲಕ್ಕೆ ಹಾಕಿ ಹೊಳೆದಂಡೆಯ ದಾರಿ ಹಿಡಿದರು.

ಅಪ್ಪ ಎಂಬತ್ತರ ದಶಕದ ಕೊನೆಯಲ್ಲಿ ತೀರಿಕೊಂಡ. ನಾನಾಗ ಮದುವೆಯಾಗಿ ಹೊನ್ನಾವರದಲ್ಲಿದ್ದೆ. ಲೈಸೆನ್ಸ್ ಇದ್ದವರು ಹೋದರೆ ಕೋವಿಯನ್ನು ಒಪ್ಪಿಸಬೇಕೆಂಬುದು ಈಗ ಆಯಿಗೆ ಚೆನ್ನಾಗಿ ಗೊತ್ತಿತ್ತು. ಹದಿಮೂರನೇ ದಿನ ಮುಗಿದ ಮೇಲೆ ಪೆಟ್ಟಿಗೆ ತೆಗೆದಳು. ಭರಣಿಯಿಂದ ತೋಟೆ ಇಳಿಸಿದಳು. ನಾವಿಬ್ಬರೂ ಅದೇ ಬಸ್ಸಿನಲ್ಲಿ ಕುಮಟೆಗೆ ಹೋದೆವು, ಕೋವಿ ಈ ಸಲ ಆಯಿಯ ಮಡಿಲಲ್ಲಿ.

ಮೇಜಿನ ಹಿಂದೆ ಒಬ್ಬ ಎಳೆಯ ಗುಮಾಸ್ತ. ಬಹಳ ಮರ್ಯಾದೆಯವನು. ಕುರ್ಚಿ ಕೊಟ್ಟ. ರಸೀದಿ ಬರೆಯುತ್ತ ನಂಬರು ಓದಿದ, ಬರೆದ. "ಬೇರೆ ಗುರುತು" ಎಂದು ತನಗೆ ತಾನೇ ಹೇಳಿಕೊಂಡು ನಳಿಗೆ ತಿರುವಿದ. "ಸೌ. ಮಾ..." ಎಂದು ಗಟ್ಟಿಯಾಗಿ ಓದಿದವನು ತಲೆ ಎತ್ತಿ ಆಯಿಯ ಬರಿ ಹಣೆ ನೋಡಿ ಅಲ್ಲೇ ನಿಲ್ಲಿಸಿದ. ಕಿವಿಯವರೆಗೆ ಕೆಂಪಾದ.

"ಬರೀ ಹೆಸ್ರು ಬರ್ಕಳ್ತೆ ಅಮ್ಮಾ. ಮೊದ್ಲಿನ ಅಕ್ಷರ ಬಿಟ್ಟು ಬಿಡ್ತೆ" ಎಂದ.

ಆಯಿ ಕೋವಿಯ ಮೇಲೆ ಕೈಯಿಟ್ಟಳು. "ಬ್ಯಾಡ ತಮ್ಮಾ. ಒಂದ್ಸಲ ಇದ್ರ ಮೇಲೆ ಇದ್ದದ್ದನ್ನ ಅಳ್ಸೂಕೆ ಹೋಗಿ ನಮ್ಮನೆಯವ್ರನ್ನ ಕಳ್ಕಳ್ತಿದ್ದೆ. ಇದ್ದದ್ದು ಇದ್ದಂಗೆ ಬರಿ."

ಗುಮಾಸ್ತ ಇದ್ದದ್ದನ್ನು ಇದ್ದ ಹಾಗೆ ಬರೆದ. ಆಯಿ ರಸೀದಿಯನ್ನು ಮಡಚಿ, ಕೀಲಿಯ ಜೊತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು.